ಅಮಾವಾಸ್ಯೆಯ ದಿನ ತೋರಿಸಿದ ಮನೆ

ಸಹಿ ಹಾಕುವುದಕ್ಕೆ ಮುಂಚೆ ಆ ಮನೆಯಲ್ಲಿ ಒಂದು ಗಂಟೆ ಮಲಗಿ ನೋಡಬೇಕು ಎಂದು ಪ್ರಮೋದಾ ಫೋನಿನಲ್ಲಿ ಕೇಳಿದಾಗ ಭಾನುಪ್ರಕಾಶ ಬಚ್ಚಲ ಬಾಗಿಲಲ್ಲಿ, ಒಂದೇ ಕೆನ್ನೆಗೆ ಸೋಪು ಹಚ್ಚಿಕೊಂಡು ನಿಂತಿದ್ದ.

“ಮಲಗೋದಾ ಮೇಡಂ?”

“ಹೂಂ, ಮಲಗೋದು. ನೈಟ್ ಡ್ಯೂಟಿ ಈಗ ಮುಗೀತು. ನಾನು ಮನೆ ತಗೊಳ್ತಿರೋದೇ ಹಗಲೊತ್ತು ಮಲಗೋಕೆ. ಚಪ್ಪಲಿ ತಗೋಬೇಕಾದ್ರೂ ಕಾಲಿಗೆ ಹಾಕ್ಕೊಂಡು ನೋಡ್ತೀವಲ್ಲಾ?” ಆಕೆ ನಕ್ಕಳು. ನಗುವಿನ ಹಿಂದೆ ಯಾರೋ ಸ್ಟ್ರೆಚರ್ ತಳ್ಳಿಕೊಂಡು ಹೋದ ಸದ್ದು. “ಒಂಬತ್ತೂಕಾಲರ ಬಸ್ಸಿಗೆ ಹತ್ತಿ ವಿಜಯಪುರಕ್ಕೇ ಬಂದ್ಬಿಡ್ತೀನಿ. ದೇವನಹಳ್ಳೀಲಿ ಪತ್ರ ಬರೆಯೋರ ಅಂಗಡಿ ಬೇಡ. ಪೇಪರ್ ಮನೆಗೇ ತನ್ನಿ. ಎದ್ದು ಸೈನ್ ಮಾಡ್ತೀನಿ.”

ಆಯ್ತು ಮೇಡಂ, ಬನ್ನಿ ಎಂದುಬಿಟ್ಟ. ಫೋನು ಇಟ್ಟ ಮೇಲೆ ಉಳಿದ ಕೆನ್ನೆಗೂ ಸೋಪು ಹಚ್ಚಿದ, ತೊಳೆದುಕೊಂಡ, ಒರೆಸಿಕೊಳ್ಳುವುದನ್ನು ಮರೆತು ಕನ್ನಡಿಯ ಮುಂದೆ ನಿಂತ. ಬೇಡ ಎನ್ನಬಹುದಿತ್ತು. ಮನೆಯ ಒಡತಿ ಸೊಣ್ಣಮ್ಮನಿಗೆ ಹುಷಾರಿಲ್ಲ ಎನ್ನಬಹುದಿತ್ತು. ಪತ್ರದ ಕಾಗದ ದೇವನಹಳ್ಳಿಯಲ್ಲೇ ಉಳಿದಿದೆ ಎನ್ನಬಹುದಿತ್ತು. ಇಷ್ಟು ಸುಳ್ಳುಗಳು ಇಷ್ಟು ಬೇಗ ಸಾಲಾಗಿ ಬಂದು ನಿಂತದ್ದನ್ನು ನೋಡಿ ಅವನಿಗೇ ದಿಗಿಲಾಯಿತು. ಅವುಗಳನ್ನು ಯಾರೋ ಮೊದಲೇ ತಯಾರಿಸಿ ಇಟ್ಟಿದ್ದಂತಿತ್ತು. ಹೊರಗೆ ಅಪ್ಪ ಕೆಂಪರಾಜು ಗೇಟಿನ ಹತ್ತಿರ ಹಾಲಿನವನೊಡನೆ ಮಾತಾಡುತ್ತಿದ್ದ, ಎಂದರೆ ಕೂಗುತ್ತಿದ್ದ. ಮೂವತ್ತು ವರ್ಷ ರೇಷ್ಮೆ ದಾರಕ್ಕೆ ಹುರಿ ಹಾಕುವ ಟ್ವಿಸ್ಟಿಂಗ್ ಮಿಷನ್ನಿನ ಪಕ್ಕ ನಿಂತು ಅಪ್ಪನ ಕಿವಿ ಅರ್ಧ ಹೋಗಿತ್ತು. ಅದರಿಂದ ಇಡೀ ಮನೆಯೇ ಕೂಗುತ್ತಿತ್ತು, ಪ್ರೀತಿಯನ್ನೂ, ಉಪ್ಪು ಕಡಿಮೆ ಎಂಬುದನ್ನೂ, ಜ್ವರ ಬಂದಿದೆ ಎಂಬುದನ್ನೂ. ಕೂಗುವುದು ಎಂಬುದೊಂದಿದೆ ಎಂದು ಭಾನುಪ್ರಕಾಶನಿಗೆ ಗೊತ್ತಾದದ್ದು ಬೆಂಗಳೂರಿನ ಆ ಆಫೀಸಿನಲ್ಲಿ. ಆರು ತಿಂಗಳು ಅಲ್ಲಿ ಫ್ಲ್ಯಾಟು ಮಾರುವ ಕೆಲಸ ಕಲಿಯುತ್ತಿದ್ದಾಗ ಮ್ಯಾನೇಜರು ಎಲ್ಲರೆದುರು, “ಭಾನು, ಫೋನ್ ಇಟ್ಬಿಡಿ, ನೀವು ಮಾತಾಡೋದು ಫೋನ್ ಇಲ್ಲದೇನೇ ಕಸ್ಟಮರಿಗೆ ಕೇಳಿಸುತ್ತೆ,” ಎಂದಿದ್ದ. ಪಕ್ಕದ ಸಾಲಿನ ಮೂವರು ಹುಡುಗಿಯರು ಕಂಪ್ಯೂಟರಿನ ಹಿಂದೆ ತಲೆ ತಗ್ಗಿಸಿ ನಕ್ಕಿದ್ದರು. ಅವತ್ತಿನಿಂದ ಅವನು ದನಿ ತಗ್ಗಿಸುವುದನ್ನು ಕಲಿತ, ಎಷ್ಟು ಕಲಿತನೆಂದರೆ ಈಗ ಊರಿನಲ್ಲಿ ಅವನು ಏನು ಹೇಳಿದರೂ ಮೊದಲ ಸಲಕ್ಕೆ ಎಲ್ಲರೂ, “ಏನು?” ಎನ್ನುತ್ತಿದ್ದರು.

ಚೀಲದಲ್ಲಿ ಮೂರು ಕಾಗದಗಳಿದ್ದವು. ಒಂದು, ಇವತ್ತು ಸಹಿಯಾಗಬೇಕಾದ ಕ್ರಯದ ಕರಾರು. ಉಳಿದೆರಡು ಅವನೇ ಒಂದು ವಾರ ಕೂತು ಕನ್ನಡದಲ್ಲಿ ಬರೆದದ್ದು. ವಿಜಯಪುರದಲ್ಲಿ ಮನೆ ಮಾರುವವರು ಬ್ರೋಕರಿಗೆ ಕಾಗದ ಬರೆದುಕೊಡುವ ಪದ್ಧತಿಯೇ ಇಲ್ಲ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಟೀ ಕುಡಿಯುತ್ತಾ, ನೋಡಪ್ಪಾ ಯಾರಾದ್ರೂ ಇದ್ರೆ, ಎಂದು ನಾಲ್ಕು ಜನಕ್ಕೆ ಹೇಳಿದರೆ ನಾಲ್ಕು ಜನವೂ ಹುಡುಕುತ್ತಾರೆ, ಕೊನೆಗೆ ನಾಲ್ಕು ಜನವೂ ಜಗಳವಾಡುತ್ತಾರೆ. ಭಾನುಪ್ರಕಾಶ ಹಾಗಲ್ಲ ಎಂದುಕೊಂಡಿದ್ದ. ಮಾರುವವರ ಹತ್ತಿರ ಒಂದು ಒಪ್ಪಂದ, ಕೊಳ್ಳುವವರ ಹತ್ತಿರ ಒಂದು ಒಪ್ಪಂದ. ಸೊಣ್ಣಮ್ಮನವರು ಸಹಿ ಮಾಡಿದ್ದ ಮೊದಲನೆಯದರ ಪ್ರಕಾರ ತೊಂಬತ್ತು ದಿನ ಆ ಮನೆಯನ್ನು ಅವನಲ್ಲದೆ ಬೇರೆ ಯಾರೂ ತೋರಿಸುವಂತಿಲ್ಲ, ಅವನು ಅವರ ಹಿತಕ್ಕೆ ವಿರುದ್ಧವಾಗಿ ನಡೆಯುವಂತಿಲ್ಲ. ತೊಂಬತ್ತನೆಯ ದಿನ ಈ ಭಾನುವಾರ. ಪ್ರಮೋದಾ ಸಹಿ ಮಾಡಿದ್ದ ಎರಡನೆಯದರಲ್ಲಿ, ಏಜೆಂಟನು ಮನೆಯ ಬಗ್ಗೆ ತನಗೆ ತಿಳಿದಿರುವ ಯಾವ ದೋಷವನ್ನೂ ಮುಚ್ಚಿಡತಕ್ಕದ್ದಲ್ಲ ಎಂದಿತ್ತು. ಈ ಸಾಲನ್ನು ಯಾರೂ ಕೇಳಿರಲಿಲ್ಲ. ಅವನೇ ಬರೆದದ್ದು. ಬರೆದ ಮೇಲೆ ಒಂದು ಸಲ ಗಟ್ಟಿಯಾಗಿ ಓದಿಕೊಂಡಿದ್ದ, ಎದ್ದು ಅಂಗಳದಲ್ಲಿ ಎರಡು ಸುತ್ತು ನಡೆದಿದ್ದ. ಹೋಟೆಲಿನಲ್ಲಿ ಕೂರುವ ಹಳೇ ಬ್ರೋಕರ್ ಚಲಪತಿ ಅದನ್ನು ಓದಿ, ಕನ್ನಡಕ ತೆಗೆದು, “ಏನ್ ಗುರು, ಮನೆ ಮಾರ್ತಿಯೋ, ಇಲ್ಲಾ ಕೋರ್ಟಲ್ಲಿ ಪ್ರಮಾಣ ಮಾಡ್ತಿಯೋ?” ಎಂದಿದ್ದ.

ಈ ಎರಡು ಕಾಗದಗಳು ಒಂದೇ ಚೀಲದಲ್ಲಿ ಮೂರು ವಾರದಿಂದ ಒಂದರ ಮೈಗೊಂದು ತಾಗಿಕೊಂಡು ಇದ್ದವು. ಸೊಣ್ಣಮ್ಮನವರ ಮನೆಯ ಪಡುವಣ ಗೋಡೆಯ ಆಚೆ ಮುನಿಕೃಷ್ಣನ ಟ್ವಿಸ್ಟಿಂಗ್ ಶೆಡ್ಡು. ಬೆಳಿಗ್ಗೆ ಆರಕ್ಕೆ ಶುರುವಾದರೆ ರಾತ್ರಿ ಎಂಟರ ತನಕ ಮಿಷನ್ನು ನಿಲ್ಲುವುದಿಲ್ಲ. ಇದು ದೋಷವೇ? ಆ ಬೀದಿಯಲ್ಲಿ ಯಾರನ್ನು ಕೇಳಿದರೂ ನಕ್ಕುಬಿಡುತ್ತಾರೆ. ವಿಜಯಪುರದಲ್ಲಿ ಆ ಸದ್ದು ರೂಢಿಯಾಗಿ ಯಾರಿಗೂ ಕೇಳಿಸುವುದಿಲ್ಲ. ಅಪ್ಪ ದುಡಿದದ್ದು ಅದೇ ಶೆಡ್ಡಿನಲ್ಲಿ, ಮುನಿಕೃಷ್ಣನ ಅಪ್ಪನ ಕಾಲದಲ್ಲಿ. ಅಮ್ಮ ಬಾಬಿನ್ ಕಟ್ಟುವ ದಿನಗಳಲ್ಲಿ ಭಾನುಪ್ರಕಾಶನನ್ನು ಅಲ್ಲೇ ತೊಲೆಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ಮಲಗಿಸುತ್ತಿದ್ದಳಂತೆ. ಕರೆಂಟು ಹೋಗಿ ಮಿಷನ್ನು ನಿಂತರೆ ಸಾಕು, ಎದ್ದು ಚೀರುತ್ತಿದ್ದನಂತೆ. ಬೆಂಗಳೂರಿನ ರೂಮಿನಲ್ಲಿ ಮೊದಲ ವಾರ ಅವನಿಗೆ ನಿದ್ದೆಯೇ ಬಂದಿರಲಿಲ್ಲ, ಅಷ್ಟು ನಿಶ್ಶಬ್ದ. ಎದೆಯ ಬಡಿತ ದಿಂಬಿನಲ್ಲಿ ಕೇಳಿಸಿ ಹೆದರಿಸುತ್ತಿತ್ತು. ಹೀಗಿರುವಾಗ ಮನೆ ತೋರಿಸುವ ದಿನ ಅವನಿಗೆ ಆ ಸದ್ದು ನೆನಪಾಗದೇ ಇದ್ದದ್ದು ಸಹಜ. ಸಹಜವೇ. ಕನ್ನಡಿಯಲ್ಲಿ ಮುಖದಿಂದ ನೀರು ತೊಟ್ಟಿಕ್ಕುತ್ತಿತ್ತು.

ಆದರೆ ಪ್ರಮೋದಾ ಮೊದಲ ಸಲ ಬಂದದ್ದು ಒಂದು ಮಂಗಳವಾರ, ಲೈನು ರಿಪೇರಿಗೆಂದು ಬೆಳಿಗ್ಗೆಯಿಂದ ಸಂಜೆಯವರೆಗೆ ಕರೆಂಟು ತೆಗೆದ ದಿನ. ಎಂದು ಬರಲಿ ಎಂದು ಆಕೆ ಕೇಳಿದ್ದಳು. ಮಂಗಳವಾರ ಬನ್ನಿ ಎಂದವನು ಅವನು. ಕರೆಂಟು ತೆಗೆಯುವ ಸುದ್ದಿ ಮೊಬೈಲಿಗೆ ಹಿಂದಿನ ದಿನವೇ ಬಂದಿತ್ತು. ಆಕೆಗೆ ಹೇಳುವ ಮುಂಚೆ ಬಂದಿತ್ತೋ ಹೇಳಿದ ಮೇಲೆ ಬಂದಿತ್ತೋ? ಮೊಬೈಲು ತೆಗೆದು ನೋಡಿದರೆ ಗೊತ್ತಾಗುತ್ತದೆ. ಮೂರು ವಾರದಿಂದ ಅವನು ನೋಡಿರಲಿಲ್ಲ. ಎರಡನೇ ಸಲ ಬಂದದ್ದು ಅಮಾವಾಸ್ಯೆ. ಅಮಾವಾಸ್ಯೆಯ ದಿನ ಊರಿನ ಟ್ವಿಸ್ಟಿಂಗ್ ಶೆಡ್ಡುಗಳೆಲ್ಲ ರಜ. ಮಿಷನ್ನು ಒರೆಸಿ, ಕುಂಕುಮ ಇಟ್ಟು, ನಿಂಬೆಹಣ್ಣು ಕೊಯ್ದು, ಶಟರು ಎಳೆದು ಹೋಗುತ್ತಾರೆ. “ಅಮಾವಾಸ್ಯೆ ದಿವ್ಸ ಯಾರಪ್ಪಾ ಮನೆ ತೋರಿಸ್ತಾರೆ?” ಎಂದು ಸೊಣ್ಣಮ್ಮ ಎಷ್ಟು ಗೋಗರೆದಿದ್ದರು. “ನಾನು ಅದನ್ನೆಲ್ಲ ನಂಬಲ್ಲ ಸೊಣ್ಣಮ್ನೋರೇ,” ಎಂದಿದ್ದ, ಒಂದು ಥರದ ಹೆಮ್ಮೆಯಿಂದ. ಆ ಹೆಮ್ಮೆ ನಿಜವಾದದ್ದೇ. ಅವನು ಅಮಾವಾಸ್ಯೆಯನ್ನು ನಂಬುವುದಿಲ್ಲ, ರಾಹುಕಾಲವನ್ನು ನಂಬುವುದಿಲ್ಲ. ಪ್ರಮೋದಾ ಕೂಡ, “ಅಮಾವಾಸ್ಯೆ ಆದ್ರೇನು, ನಮ್ಮ ಆಸ್ಪತ್ರೇಲಿ ಅವತ್ತೂ ಮಕ್ಕಳು ಹುಟ್ತವೆ,” ಎಂದಿದ್ದಳು. ಇಬ್ಬರೂ ನಕ್ಕಿದ್ದರು. ಆಮೇಲೆ ಆಕೆ ಪಡುವಣ ಕೋಣೆಯ ನಡುವೆ ಕಣ್ಣು ಮುಚ್ಚಿ ನಿಂತು, “ಎಷ್ಟು ತಣ್ಣಗಿದೆ ಇಲ್ಲಿ. ನನ್ನ ರೂಮಿನ ಮೇಲೆ ಐದೈದು ನಿಮಿಷಕ್ಕೆ ಒಂದು ವಿಮಾನ ಹೋಗುತ್ತೆ, ಗೊತ್ತಾ?” ಎಂದಿದ್ದಳು. ಆಗ ಗೊತ್ತಾಯಿತೇ ಅವನಿಗೆ? ಆಗ ಅವನ ಬೆನ್ನ ಮೇಲೆ ಒಂದು ತಣ್ಣನೆಯ ಗೆರೆ ಇಳಿಯಿತು, ಅದು ಖಂಡಿತ. ಆದರೆ ಗೆರೆ ಇಳಿಯುವುದು ತಿಳಿಯುವುದೇ?

ಅಪ್ಪ ಬಾಗಿಲಿಗೆ ಬಂದು, “ಯಾರ್ಲಾ ಫೋನು?” ಎಂದು ಕೂಗಿದ.

“ಪಾರ್ಟಿ,” ಎಂದ ಭಾನುಪ್ರಕಾಶ.

“ಏನು?” ಅಪ್ಪ ಕಿವಿಯ ಹಿಂದೆ ಅಂಗೈ ಇಟ್ಟುಕೊಂಡ.

ಅವನು ಚೀಲ ಹೆಗಲಿಗೆ ಹಾಕಿಕೊಂಡು ಹೊರಟ.

ಸೊಣ್ಣಮ್ಮ ಆಗಲೇ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲು ಗಂಟು ಹಾಕಿಕೊಂಡು ಜಗಲಿ ಸಾರಿಸುತ್ತಿದ್ದರು. ಅರವತ್ತರ ಹತ್ತಿರದ ವಯಸ್ಸು. ಇಪ್ಪತ್ತೈದು ವರ್ಷ ಕುದಿಯುವ ನೀರಿನ ಬೇಸಿನ್ನಿನಿಂದ ರೇಷ್ಮೆಗೂಡಿನ ಎಳೆ ಎತ್ತಿ ಎತ್ತಿ ಅವರ ಬೆರಳ ತುದಿಗಳು ಬೆಳ್ಳಗೆ, ನಿರಿಗೆಗಟ್ಟಿ, ಯಾವಾಗಲೂ ಈಗಷ್ಟೇ ನೀರಿನಿಂದ ತೆಗೆದ ಹಾಗೆ ಇದ್ದವು. ಒಪ್ಪಂದಕ್ಕೆ ಸಹಿ ಮಾಡುವ ದಿನ ಆ ಬೆರಳುಗಳಲ್ಲಿ ಪೆನ್ನು ಹಿಡಿದು, “ಇದ್ರಲ್ಲಿ ಏನು ಬರ್ದಿದ್ದೀಯೋ ನಂಗ್ಯಾಕೆ ಹೇಳು, ನೀನು ಬರ್ದಿದ್ದೀಯ ಅಷ್ಟೇ,” ಎಂದು ಅಕ್ಷರ ಅಕ್ಷರವಾಗಿ ತಮ್ಮ ಹೆಸರು ಇಳಿಸಿದ್ದರು. ಸಮೇತನಹಳ್ಳಿಯಲ್ಲಿ ತಂಗಿ ಅಮ್ಮಯಮ್ಮನ ಮನೆಯ ಮಗ್ಗುಲಲ್ಲಿ ಅವರ ಹೊಸ ಮನೆಯ ಗೋಡೆಗಳು ಎದ್ದು ನಿಂತು ಒಂದು ವರ್ಷವಾಗಿತ್ತು. ಈ ಮನೆ ಹೋದರೆ ಆ ಮನೆಗೆ ತಾರಸಿ. ಅಕ್ಕತಂಗಿಯರು ಮಧ್ಯದ ಗೋಡೆಗೆ ಬಾಗಿಲು ಇಡಬೇಕೋ ಕಿಟಕಿ ಇಡಬೇಕೋ ಎಂದು ದಿನಾ ಫೋನಿನಲ್ಲಿ ಜಗಳವಾಡುತ್ತಿದ್ದರು.

“ನರ್ಸಮ್ಮ ಇಲ್ಲೇ ಬಂದು ಸ್ವಲ್ಪ ಹೊತ್ತು ಮಲಗ್ತಾರಂತೆ,” ಎಂದ.

“ಏನು?”

“ಮಲಗ್ತಾರಂತೆ. ಇಲ್ಲಿ. ಆಮೇಲೆ ಸೈನು.”

ಸೊಣ್ಣಮ್ಮನ ಮುಖ ಅರಳಿತು. “ಅಯ್ಯೋ ಮಲಗ್ಲಿ ಬಿಡಪ್ಪಾ ಪಾಪ, ರಾತ್ರಿಯೆಲ್ಲ ನಿಂತ್ಕೊಂಡಿದ್ದು ಬರ್ತಾಳೆ. ಹೊಸ ಚಾಪೆ ಐತೆ, ಹಾಸ್ತೀನಿ. ಮನೇಲಿ ನಿದ್ದೆ ಮಾಡಿ ಎದ್ದೋಳು ಆ ಮನೇನ ಬಿಡಲ್ಲ ನೋಡು.” ಒಳಗೆ ಹೋಗಿ ಅವನಿಗೆ ಕುಡಿಯಲು ನೀರು ತಂದು ಪಡುವಣ ಕೋಣೆಯ ಕಿಟಕಿಯ ಮೇಲಿಟ್ಟು, ಚಾಪೆ ಹುಡುಕಲು ಹೋದರು. ಅವನು ಲೋಟಕ್ಕೆ ಕೈ ಚಾಚಿದ. ನೀರಿನ ಮೇಲೆ ಸಣ್ಣ ಸಣ್ಣ ಉಂಗುರಗಳು, ಅಂಚಿನಿಂದ ನಡುವಿಗೆ, ನಡುವಿನಿಂದ ಅಂಚಿಗೆ, ನಿಲ್ಲದೆ ನಡುಗುತ್ತಿದ್ದವು. ಗೋಡೆಯ ಮೇಲೆ ಅಂಗೈ ಇಟ್ಟ. ಗೋಡೆ ಬೆಚ್ಚಗೆ, ಜ್ವರದ ಮೈಯಂತೆ ಅದುರುತ್ತಿತ್ತು. ಆಮೇಲೆ, ಅಂಗೈಯಿಂದ ಮೊಣಕೈಗೆ ಹತ್ತಿ, ಅಲ್ಲಿಂದ ಕಿವಿಗೆ ಬಂದ ಹಾಗೆ, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅವನಿಗೆ ಆ ಸದ್ದು ಕೇಳಿಸಿತು. ದಾರಕ್ಕೆ ಹುರಿ ಕೊಡುವ ನೂರಾರು ಕದಿರುಗಳು ಒಟ್ಟಿಗೆ ತಿರುಗುವ, ಏರದ, ಇಳಿಯದ, ಉಸಿರು ತೆಗೆದುಕೊಳ್ಳದ ಒಂದು ಮೊರೆತ. ಇಷ್ಟು ದೊಡ್ಡದೇ! ಇದರೊಳಗೆ ಅಪ್ಪ ಮೂವತ್ತು ವರ್ಷ ನಿಂತಿದ್ದನೇ? ಒಮ್ಮೆ ಕೇಳಿಸಿದ ಮೇಲೆ ಅದನ್ನು ಕೇಳಿಸದ ಹಾಗೆ ಮಾಡಿಕೊಳ್ಳಲು ಆಗಲಿಲ್ಲ. ಅವನು ನೀರು ಕುಡಿಯದೆ ಲೋಟ ಕೆಳಗಿಟ್ಟು ಸರಸರನೆ ಶೆಡ್ಡಿಗೆ ನಡೆದ, ನಿರ್ಧಾರ ಮಾಡಿದವನ ಹಾಗೆ, ಮಾಡಿರಲಿಲ್ಲ ಎಂಬುದು ಬಾಗಿಲಲ್ಲಿ ನಿಂತಾಗ ಗೊತ್ತಾಯಿತು.

“ಮಿಷನ್ನು ಒಂದ್ ಸ್ವಲ್ಪ ಹೊತ್ತು ನಿಲ್ಲಿಸ್ತೀಯಾ ಮುನಿ?”

“ಏನು?” ಮುನಿಕೃಷ್ಣ ಬಾಬಿನ್ನುಗಳ ಕ್ರೇಟಿನ ಮೇಲೆ ಕೂತು ಇಡ್ಲಿ ತಿನ್ನುತ್ತಿದ್ದ. ಶಾಲೆಯಲ್ಲಿ ಇಬ್ಬರೂ ಒಂದೇ ಬೆಂಚು.

“ನಿಲ್ಲಿಸ್ತೀಯಾ ಅಂದೆ.”

“ಯಾಕ್ಲಾ, ಬೀದೀಲಿ ಯಾರಾದ್ರೂ ಹೋದ್ರಾ?” ಯಾರಾದರೂ ಸತ್ತರೆ ಹೆಣ ಎತ್ತುವ ತನಕ ಬೀದಿಯ ಮಿಷನ್ನು ನಿಲ್ಲಿಸುವುದು ರೂಢಿ.

“ಇಲ್ಲ. ಒಬ್ರು ಮಲಗ್ಬೇಕು.”

ಮುನಿಕೃಷ್ಣನಿಗೆ ಇಡ್ಲಿ ನೆತ್ತಿಗೇರಿತು. “ಮಲಗೋಕೆ ಮಿಷನ್ನು ನಿಲ್ಲಿಸ್ಬೇಕಾ? ನನ್ ಮಗಳು ಅಕ್ಷತ ಮಿಷನ್ನು ನಿಂತ್ರೇನೇ ಎದ್ಬಿಡ್ತಾಳೆ ಕಣೋ!” ಎಂದು ಕೆಮ್ಮಿ ಕೆಮ್ಮಿ ನಕ್ಕ. ಆಮೇಲೆ ನಗು ನಿಂತು, ಕಣ್ಣು ಸಣ್ಣದಾಗಿ, ಭಾನುಪ್ರಕಾಶನ ಮೊಣಕಾಲಿಗೆ ಒಂದು ಗುದ್ದು ಕೊಟ್ಟ. “ಓಹೋಹೋ. ಅಮಾವಾಸ್ಯೆ ದಿನ ಕರ್ಕೊಂಡ್ ಬಂದಿದ್ಯಲ್ಲ, ಆ ನರ್ಸಾ? ಅವತ್ತೇ ಅಂದ್ಕೊಂಡೆ ಗುರು, ಭಾನು ಬೆಂಗಳೂರಲ್ಲಿ ಸುಮ್ನೆ ಇದ್ದು ಬರ್ಲಿಲ್ಲ, ತಲೆ ಇಟ್ಕೊಂಡು ಬಂದವ್ನೆ ಅಂತ.”

ಹಾಗಲ್ಲ ಮುನಿ, ಎನ್ನಬೇಕಿತ್ತು. ಅವನು ನಕ್ಕ. ಆ ನಗು ಅವನ ಮುಖದ ಮೇಲೆ ತಾನಾಗಿ ಬಂದು ಕೂತಿತು, ಬುದ್ಧಿವಂತನೆಂದು ಹೊಗಳಿಸಿಕೊಂಡವನ ನಗು, ತುಸು ನಾಚಿಕೆ ಬೆರೆತದ್ದು. ಮೂರು ವಾರ ತನ್ನೊಳಗೆ ತಾನು ನಡೆಸಿದ ವಿಚಾರಣೆಯನ್ನು ಮುನಿಕೃಷ್ಣ ಇಡ್ಲಿ ತಿನ್ನುತ್ತಾ ಒಂದು ನಿಮಿಷದಲ್ಲಿ ಮುಗಿಸಿಬಿಟ್ಟಿದ್ದ, ಮೆಚ್ಚುಗೆ ಬೇರೆ.

“ಹತ್ತರಿಂದ ಹನ್ನೊಂದೂವರೆ,” ಎಂದ ಮುನಿಕೃಷ್ಣ. “ಅದಾದ್ಮೇಲೆ ನಿನ್ ನರ್ಸು ಮಲಗಿರ್ಲಿ, ಎದ್ದಿರ್ಲಿ, ನಾನು ಹಾಕೋನೇ. ನಿಂತು ಶುರುವಾದ್ರೆ ಎಷ್ಟು ದಾರ ಕಡಿಯುತ್ತೆ ಅಂತ ನಿಂಗೆ ಹೇಳಿಕೊಡ್ಬೇಕಾ?”

ಬಸ್ಸು ಹತ್ತು ನಿಮಿಷ ತಡವಾಗಿ ಬಂತು. ಪ್ರಮೋದಾ ಬೆಳಗಿನ ಬಸ್ಸಿನ ಹಾಲು ಕ್ಯಾನು, ಸೊಪ್ಪಿನ ಮೂಟೆಗಳ ನಡುವಿನಿಂದ ಇಳಿದಳು. ನಲವತ್ತರ ಆಸುಪಾಸು, ಕೆಳಗೆ ಇನ್ನೂ ಆಸ್ಪತ್ರೆಯ ಬಿಳಿ ಪ್ಯಾಂಟು, ಮೇಲೊಂದು ನೀಲಿ ಕುರ್ತಾ, ಕಣ್ಣ ಕೆಳಗೆ ಹೆಬ್ಬೆಟ್ಟು ಒತ್ತಿದಂಥ ಕಪ್ಪು. ದಾರಿಯುದ್ದಕ್ಕೂ ಆಕೆ ಮಾತಾಡಿದಳು, ನಿದ್ದೆಗೆಟ್ಟವರು ಮಾತಾಡುವ ಹಾಗೆ, ಎಲ್ಲಿಯೋ ಶುರು, ಎಲ್ಲಿಯೋ ಬಿಡುವುದು. ನಿನ್ನೆ ರಾತ್ರಿ ಒಬ್ಬ ಅಜ್ಜ ಡ್ರಿಪ್ಪು ಕಿತ್ತುಕೊಂಡು ಹಸುವಿಗೆ ಹುಲ್ಲು ಹಾಕಬೇಕು ಎಂದು ಹೊರಟನಂತೆ. ಕಳೆದ ತಿಂಗಳು ನಿದ್ದೆಯಿಲ್ಲದೆ ಆಕೆ ಒಂದು ಇಂಜೆಕ್ಷನ್ ತಪ್ಪಾದ ಮಂಚದ ಹತ್ತಿರ ಒಯ್ದಿದ್ದಳಂತೆ. “ಚುಚ್ಚಲಿಲ್ಲ. ಸೂಜಿ ಎತ್ತಿದ್ಮೇಲೆ ಹೆಸರು ಓದಿದೆ. ಅವತ್ತೇ ತೀರ್ಮಾನ ಮಾಡ್ದೆ, ಎಲ್ಲಾದ್ರೂ ಸರಿ, ಸದ್ದಿಲ್ಲದ ಕಡೆ ಒಂದು ಮನೆ.” ಎದುರಿಗೆ ಹೋಟೆಲಿನ ಮೆಟ್ಟಿಲ ಮೇಲಿಂದ ಚಲಪತಿ, “ಏನಪ್ಪಾ ಲಾಯರ್ ಸಾಹೇಬ್ರು, ಇವತ್ತು ಸೈನಂತೆ?” ಎಂದು ಕೈ ಎತ್ತಿದ. ಭಾನುಪ್ರಕಾಶ ಕೇಳಿಸದವನಂತೆ ನಡೆದ. ಸೂಜಿ ಎತ್ತಿದ್ಮೇಲೆ ಹೆಸರು ಓದಿದೆ, ಸೂಜಿ ಎತ್ತಿದ್ಮೇಲೆ.

ಬೀದಿಗೆ ತಿರುಗಿದಾಗ ಮಿಷನ್ನು ನಿಂತಿತ್ತು. ಪ್ರಮೋದಾ ಜಗಲಿಯ ಬಳಿ ಕತ್ತು ವಾಲಿಸಿ ನಿಂತಳು. “ಎಲ್ಲೋ ಏನೋ ಗುಂಯ್ ಅಂತಿದೆಯಲ್ಲಾ?”

ಅದು ಹಿಂದಿನ ಬೀದಿಗಳ ಶೆಡ್ಡುಗಳ ಮೊರೆತ, ತೆಳ್ಳಗೆ, ಕಾಡಿಗೆಯ ಗೆರೆಯಷ್ಟು. “ರೇಷ್ಮೆ ಮಿಷನ್ನು ಮೇಡಂ. ದೂರದ್ದು,” ಎಂದ.

ಇಲ್ಲಿಯ ತನಕದ್ದೆಲ್ಲ ಹೇಳದೇ ಉಳಿದದ್ದು. ಇದು ಹೇಳಿದ್ದು. ವ್ಯತ್ಯಾಸ ನಾಲಿಗೆಯ ಮೇಲೆ ಒಂದು ಒಗರಿನ ಹಾಗೆ ಗೊತ್ತಾಯಿತು.

“ಅಷ್ಟಿದ್ರೆ ಪರ್ವಾಗಿಲ್ಲ,” ಎಂದಳು ಪ್ರಮೋದಾ. ಸೊಣ್ಣಮ್ಮ ಕೊಟ್ಟ ಮಜ್ಜಿಗೆ ಕುಡಿದಳು. ಚಾಪೆಯ ಮೇಲೆ ತನ್ನದೇ ದುಪ್ಪಟ ಹಾಸಿಕೊಂಡಳು. “ಎಬ್ಬಿಸ್ಬೇಡಿ, ಹಾಂ? ತಾನಾಗೇ ಏಳ್ತೀನಿ. ಯಾರೂ ಎಬ್ಬಿಸದೆ ಎದ್ದು ಎಷ್ಟು ದಿನ ಆಯ್ತೋ,” ಎಂದು ಪಡುವಣ ಕೋಣೆಯ ಬಾಗಿಲನ್ನು ಅರ್ಧ ಮುಂದೆ ಮಾಡಿಕೊಂಡಳು. ಐದು ನಿಮಿಷದಲ್ಲಿ ಆಕೆಯ ಉಸಿರು ಉದ್ದವಾಯಿತು. ಮುನಿಕೃಷ್ಣನ ಶೆಡ್ಡಿನಿಂದ ಇಬ್ಬರು ಕೆಲಸದ ಹೆಂಗಸರು ಅನಿರೀಕ್ಷಿತ ಬಿಡುವು ಸಿಕ್ಕ ಖುಷಿಯಲ್ಲಿ ಸೆರಗು ಕೊಡವಿಕೊಳ್ಳುತ್ತಾ ಮನೆಗೆ ಹೋದರು. ಭಾನುಪ್ರಕಾಶ ಜಗಲಿಯ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಒಂದು ಗಂಟೆ. ಒಂದು ಗಂಟೆ ಏನೂ ಆಗದಿದ್ದರೆ ಸಾಕು. ಆಮೇಲೆ ಆಕೆಗೆ ಅಭ್ಯಾಸವಾಗುತ್ತದೆ. ಊರಿಗೆ ಊರೇ ಆಗಿಲ್ಲವೇ? ವಿಮಾನಕ್ಕಿಂತ ಇದು ವಾಸಿಯಲ್ಲವೇ, ವಿಮಾನ ಬಂದು ಬಂದು ಹೋಗುತ್ತದೆ, ಇದು ಒಂದೇ ಸಮನೆ ಇರುವಂಥದ್ದು. ತಾನು ಇದರಲ್ಲೇ ಮಲಗಿ ಬೆಳೆಯಲಿಲ್ಲವೇ? ಬೆಳೆದು, ಕೂಗುವವನಾದ. ಕೂಗಬಾರದೆಂದು ಕಲಿತು, ಕೇಳಿಸದವನಾದ.

ಸೊಣ್ಣಮ್ಮ ಮೊರದಲ್ಲಿ ಅವರೆಕಾಯಿ ಇಟ್ಟುಕೊಂಡು ಬಂದು ಪಕ್ಕದಲ್ಲಿ ಕೂತರು. ಎರಡು ಕಾಯಿ ಬಿಡಿಸಿದರು. ನಿಲ್ಲಿಸಿದರು. ಕಿವಿಯಲ್ಲಿ ಕಿರುಬೆರಳು ಆಡಿಸಿಕೊಂಡರು. ಮತ್ತೆ ಒಂದು ಕಾಯಿ. ಏನೋ ಮರೆತವರ ಹಾಗೆ ಎದ್ದು ಒಳಗೆ ಹೋಗಿ, ಒಲೆ ನೋಡಿ, ಬಂದರು.

“ಯಾಕೋ ಎದೆ ಹೊಡ್ಕೋತಾ ಐತೆ ಕಣೋ,” ಎಂದು ಪಿಸುಗುಟ್ಟಿದರು. “ಕರೆಂಟ್ ಹೋಯ್ತಾ?”

“ಹೂಂ,” ಎಂದ.

ಅವರು ತಲೆ ಎತ್ತಿ ನಡುಮನೆಯ ಕಡೆ ನೋಡಿದರು. ಸೂರಿನಲ್ಲಿ ಫ್ಯಾನು ನಿಧಾನಕ್ಕೆ, ಒಂದು ರೆಕ್ಕೆ ತುಸು ವಾಲಿ, ತಿರುಗುತ್ತಿತ್ತು. ಅದನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಗೋಡೆಯ ಕಡೆ. ಆಮೇಲೆ ಅರ್ಧ ಮುಚ್ಚಿದ ಬಾಗಿಲಿನ ಕಡೆ. ಕೊನೆಗೆ ಅವನನ್ನು. ಈಗ ಬೈಯುತ್ತಾರೆ ಎಂದುಕೊಂಡ. ಬೈಯಲಿ ಎಂದು ಕಾದ. ಬೈದರೆ ಎದ್ದು ಹೋಗಿ ಎಲ್ಲವನ್ನೂ ಹೇಳಿಬಿಡಬಹುದು, ಹೇಳಿಸಿದ್ದು ಅವರೇ ಎಂಬ ಹಾಗೆ. ಸೊಣ್ಣಮ್ಮ ಬೈಯಲಿಲ್ಲ. ಮೊರವನ್ನು ಸರಿಸಿ, ನಿರಿಗೆಗಟ್ಟಿದ ಬೆಳ್ಳನೆಯ ಬೆರಳುಗಳನ್ನು ಅವನ ಕೈಮೇಲೆ ಇಟ್ಟು, ಮೆಲ್ಲಗೆ ಎರಡು ಸಲ ತಟ್ಟಿದರು.

“ಒಳ್ಳೇದೇ ಮಾಡ್ದೆ ಬಿಡು. ನಂಗೆ ಹೊಳೀಲೇ ಇಲ್ಲ ನೋಡು,” ಎಂದರು. “ನೀನು ನನ್ ಪಾಲಿಗೆ ಇದ್ದೀಯ.”

ಆ ಬೆರಳುಗಳು ಹಗುರವಾಗಿದ್ದವು, ಎಳೆ ಎತ್ತುವವರ ಬೆರಳುಗಳು, ಮುಟ್ಟಿದ್ದೇ ಗೊತ್ತಾಗದಂಥವು. ಅವನಿಗೆ ಅವುಗಳ ಕೆಳಗಿನಿಂದ ಕೈ ಎಳೆದುಕೊಳ್ಳಲು ಆಗಲಿಲ್ಲ. ನೀನು ನನ್ನ ಪಾಲಿಗೆ ಇದ್ದೀಯ. ಒಪ್ಪಂದದಲ್ಲಿ ಇದನ್ನೇ ಅವನು ಎಷ್ಟು ಸುತ್ತಿ ಬಳಸಿ ಬರೆದಿದ್ದ. ಇದಕ್ಕಾಗಿಯೇ ಅಲ್ಲವೇ ಇಬ್ಬರೂ ಸಹಿ ಮಾಡಿದ್ದು? ಇದು ಸರಿಯೇ. ಕಾಗದದ ಪ್ರಕಾರ ಅರ್ಧ ಸರಿಯೇ. ಸೊಣ್ಣಮ್ಮ ಮತ್ತೆ ಅವರೆಕಾಯಿ ಬಿಡಿಸತೊಡಗಿದರು, ಈಗ ಒಂದೇ ಸಮನೆ, ಸದ್ದಾಗದ ಹಾಗೆ ಸಿಪ್ಪೆಯನ್ನು ಸೆರಗಿನಲ್ಲಿ ಹಾಕಿಕೊಳ್ಳುತ್ತಾ. ಒಳಗೆ ಮಲಗಿದವಳಿಗೆ ಎಚ್ಚರವಾಗಬಾರದೆಂದು ಆ ಹೆಂಗಸು ಪಡುತ್ತಿದ್ದ ಆ ಜಾಗ್ರತೆಯನ್ನು ನೋಡುವುದು ಅವನಿಗೆ ಕಷ್ಟವಾಯಿತು. ಈ ಜಾಗ್ರತೆ ನಿಜವಾದದ್ದು. ಮೋಸದ ಒಳಗೆ ಇಷ್ಟು ನಿಜವಾದದ್ದು ಹೇಗೆ ಇರುತ್ತದೆ?

ಬಾಗಿಲ ಸಂದಿಯಿಂದ ಪ್ರಮೋದಾಳ ಪಾದಗಳು ಕಾಣುತ್ತಿದ್ದವು. ಕಾಲುಚೀಲದ ರಬ್ಬರು ಕಣಕಾಲಿನ ಸುತ್ತ ಕೊರೆದ ಕೆಂಪು ಗೆರೆ ಇನ್ನೂ ಮಾಸಿರಲಿಲ್ಲ. ಒಂದು ಪಾದ ಒಮ್ಮೆ ಮಿಡುಕಿ ಸುಮ್ಮನಾಯಿತು. ಅವನು ಬಾಗಿ ನೋಡಿದ. ಆಕೆ ಮಲಗಿದ್ದಳು, ಬಾಯಿ ಸ್ವಲ್ಪ ತೆರೆದು, ಒಂದು ಕೈ ಗೋಡೆಗೆ ತಾಗಿಸಿ, ತನಗೆ ಬೇಕಾದದ್ದು ಸಿಕ್ಕಿತೆಂಬ ನಂಬಿಕೆಯಲ್ಲಿ. ಎದ್ದು ಸಹಿ ಮಾಡುತ್ತಾಳೆ. ಈ ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ಹತ್ತಕ್ಕೆ ಇದೇ ಜಾಗದಲ್ಲಿ ದಿಂಬನ್ನು ಕಿವಿಗೆ ಒತ್ತಿ ಹಿಡಿದು ಹೊರಳುತ್ತಾಳೆ. ಆಮೇಲೆ ಯಾವುದೋ ಒಂದು ರಾತ್ರಿ ಹೆಸರು ಓದುವುದಕ್ಕೆ ಮುಂಚೆ ಸೂಜಿ ಇಳಿಸುತ್ತಾಳೆ. ಭಾನುಪ್ರಕಾಶ ಎದ್ದು ನಿಂತ.

“ಎಲ್ಲಿಗೆ?” ಸೊಣ್ಣಮ್ಮ ಸನ್ನೆಯಲ್ಲಿ ಕೇಳಿದರು. ಅವನು ಜಗಲಿ ಇಳಿದ. ಅವರು, “ಕಾಫಿ ಇಡ್ತೀನಿ,” ಎಂದು ಪಿಸುಗುಟ್ಟಿ ಒಳಗೆ ಹೋದರು.

ನಿಂತ ಮಿಷನ್ನಿನ ಶೆಡ್ಡು ಅವನಿಗೆ ಗುರುತಿಲ್ಲದ ಜಾಗದಂತಿತ್ತು. ಬೆಳಕಿಂಡಿಯಿಂದ ಬಿದ್ದ ಬಿಸಿಲಿನಲ್ಲಿ ಸಾಲು ಸಾಲು ಕದಿರುಗಳು ಅಲುಗದೆ ನಿಂತಿದ್ದವು. ಒಂದೊಂದರಿಂದಲೂ ಒಂದೊಂದು ಎಳೆ, ಕಣ್ಣಿಗೆ ಕಂಡೂ ಕಾಣದಷ್ಟು, ಮೇಲಿನ ಬಾಬಿನ್ನಿಗೆ ಎಳೆದುಕೊಂಡು. ಜೋಲಿ ಕಟ್ಟುತ್ತಿದ್ದ ತೊಲೆ ಅಲ್ಲೇ ಇತ್ತು. ಮುನಿಕೃಷ್ಣ ಕ್ರೇಟಿನ ಮೇಲೆ ಮೊಬೈಲು ನೋಡುತ್ತಾ ಕೂತಿದ್ದ.

“ಹಾಕು,” ಎಂದ ಭಾನುಪ್ರಕಾಶ.

ಆ ನಿಶ್ಶಬ್ದದಲ್ಲಿ ಮೊದಲ ಸಲಕ್ಕೇ ಕೇಳಿಸಿತು. “ಇನ್ನೂ ಟೈಮ್ ಐತಲ್ಲೋ. ಎದ್ಲಾ? ಸೈನ್ ಆಯ್ತಾ?”

“ಇಲ್ಲ.”

“ಮತ್ತೆ? ತಲೆ ಕೆಟ್ಟಿದ್ಯಾ?”

ಅವನು ಮುನಿಕೃಷ್ಣನನ್ನು ದಾಟಿ ಹೋಗಿ ಗೋಡೆಯ ಮೇಲಿನ ಹಸಿರು ಗುಂಡಿಯನ್ನು ಒತ್ತಿದ. ಸಾಲಿನ ಮೇಲೆ ಒಂದು ಕೈ ಇಟ್ಟು, ವೇಗ ಏರುವ ತನಕ ಎಳೆ ಜಗ್ಗದಂತೆ ತಡೆಯಬೇಕು. ಅಪ್ಪ ಹಾಗೆ ಮಾಡುವುದನ್ನು ಸಾವಿರ ಸಲ ನೋಡಿದ್ದ. ಅದೂ ನೆನಪಾದದ್ದು ಒತ್ತಿದ ಮೇಲೆ. ಕದಿರುಗಳು ಗಕ್ಕನೆ ಎಳೆದುಕೊಂಡವು, ಅಲ್ಲಲ್ಲಿ ಎಳೆಗಳು ಪಟಪಟನೆ ಕಡಿದು ಗಾಳಿಯಲ್ಲಿ ತೇಲಿದವು. ಮೊರೆತ ನೆಲದಿಂದ ಎದ್ದು ಎದೆಗೆ ತುಂಬಿತು. ಮುನಿಕೃಷ್ಣ ಬಾಯಿ ತೆರೆದು ಬೈಯುತ್ತಿದ್ದ. ನಿಮ್ಮಪ್ಪ ಎಂಬುದೊಂದು, ಮೂವತ್ತು ವರ್ಷ ಎಂಬುದೊಂದು ತುಟಿಯಿಂದ ಗೊತ್ತಾಯಿತು. ಭಾನುಪ್ರಕಾಶ ಹೋಗಿ ಮೂಡಣ ಗೋಡೆಗೆ ಕಿವಿ ಒತ್ತಿ ನಿಂತ. ಆಚೆ, ಒಂದು ಇಟ್ಟಿಗೆಯಷ್ಟು ದೂರದಲ್ಲಿ, ಪ್ರಮೋದಾಳ ಕೈ ಇದೆ. ಎದ್ದಳೋ? ಹೊರಳಿದಳೋ? ಬೆಚ್ಚಿ ಕೂಗಿದಳೋ? ಮಿಷನ್ನಿನ ಸದ್ದಲ್ಲದೆ ಏನೂ ಕೇಳಿಸಲಿಲ್ಲ. ಕೇಳಿಸುವಂತೆಯೇ ಇರಲಿಲ್ಲ. ಎಷ್ಟು ಹೊತ್ತು ನಿಂತಿದ್ದನೋ, ಮುನಿಕೃಷ್ಣ ತೋಳು ಹಿಡಿದು ಹೊರಕ್ಕೆ ತಳ್ಳಿದ.

ಪ್ರಮೋದಾ ಜಗಲಿಯ ಮೇಲೆ ಇದ್ದಳು. ಕೆನ್ನೆಯ ಮೇಲೆ ಚಾಪೆಯ ಅಚ್ಚು, ಒಂದು ಕಾಲಿಗೆ ಮಾತ್ರ ಚಪ್ಪಲಿ. ದುಪ್ಪಟವನ್ನು ಕೈಯಲ್ಲಿ ಮುದ್ದೆ ಮಾಡಿಕೊಂಡು, ಎಲ್ಲಿದ್ದೇನೆಂದು ಹುಡುಕುವವಳ ಹಾಗೆ ಬೀದಿಯನ್ನು ನೋಡುತ್ತಿದ್ದಳು. ಅವನು ಶೆಡ್ಡಿನ ಬಾಗಿಲಿನಿಂದ ಬಂದದ್ದನ್ನು ಕಂಡಳು. ಆಕೆಗೆ ಎಲ್ಲವೂ ಒಟ್ಟಿಗೆ ಅರ್ಥವಾಗಲಿಲ್ಲ. ಒಂದೊಂದಾಗಿ ಆಗುತ್ತಿದ್ದದ್ದು ಮುಖದ ಮೇಲೆ ಕಾಣಿಸಿತು.

“ಇದು ದಿನಾ ಇರುತ್ತಾ?” ಗಂಟಲೆತ್ತಿ ಕೇಳಿದಳು.

“ಬೆಳಿಗ್ಗೆ ಆರರಿಂದ,” ಎಂದು ಅವನು ಬೆರಳು ತೋರಿಸಿದ, “ರಾತ್ರಿ ಎಂಟರ ತನಕ.”

“ನಾನು ಎರಡು ಸಲ ಬಂದಾಗ ಇರ್ಲಿಲ್ಲ!”

“ಒಂದ್ಸಲ ಕರೆಂಟ್ ಇರ್ಲಿಲ್ಲ. ಒಂದ್ಸಲ ಅಮಾವಾಸ್ಯೆ, ರಜ.”

“ಮತ್ತೆ ಈಗ?”

ಅವನು ತನ್ನ ಎದೆಯ ಮೇಲೆ ಕೈ ಇಟ್ಟು ತೋರಿಸಿದ. ನಾನು.

ಪ್ರಮೋದಾ ಇನ್ನೊಂದು ಚಪ್ಪಲಿ ಹಾಕಿಕೊಂಡಳು. ಸಿಟ್ಟು ಮಾಡಲೂ ಶಕ್ತಿಯಿಲ್ಲದವಳ ಹಾಗೆ ಕಂಬಕ್ಕೆ ಒರಗಿದಳು. ಆಮೇಲೆ ಕೇಳಿದಳು. “ನಿಮಗೆ ಗೊತ್ತಿತ್ತಾ?”

ಮಂಗಳವಾರದ ಮೊಬೈಲು ಸುದ್ದಿ, ಬೆನ್ನ ಮೇಲಿಳಿದ ಗೆರೆ, ಸೀರೆಯ ಜೋಲಿ, ನಂಬುವುದಿಲ್ಲ ಎಂದ ಹೆಮ್ಮೆ. ಮೂರು ವಾರ ಸುತ್ತಿದ ಎಳೆಗಳೆಲ್ಲ ಅಲ್ಲೇ ಇದ್ದವು, ಯಾವುದನ್ನು ಬೇಕಾದರೂ ಹಿಡಿದು ಎಳೆಯಬಹುದಿತ್ತು.

“ಗೊತ್ತಿತ್ತು,” ಎಂದ, ಆಫೀಸಿನಲ್ಲಿ ಕಲಿತ ದನಿಯಲ್ಲಿ.

“ಏನು?” ಪ್ರಮೋದಾ ಮುಂದಕ್ಕೆ ಬಾಗಿ, ಕಿವಿಯ ಹಿಂದೆ ಅಂಗೈ ಇಟ್ಟುಕೊಂಡಳು.

ಅವನು ಎದೆ ತುಂಬ ಉಸಿರೆಳೆದುಕೊಂಡ. “ಗೊತ್ತಿತ್ತು!” ಎಂದು ಕೂಗಿದ, ಅಪ್ಪನ ಗಂಟಲಿನಲ್ಲಿ, ಮಿಷನ್ನಿನ ಮೇಲೆ, ಬೀದಿಯ ಆ ತುದಿಗೆ ಮುಟ್ಟುವ ಹಾಗೆ. ಎದುರು ಮನೆಯಲ್ಲಿ ನೀರು ಹಿಡಿಯುತ್ತಿದ್ದವಳು ತಲೆ ಎತ್ತಿದಳು. ಬಾಗಿಲಲ್ಲಿ ಸೊಣ್ಣಮ್ಮ ಎರಡು ಲೋಟ ಕಾಫಿ ಹಿಡಿದುಕೊಂಡು ನಿಂತಿದ್ದರು. ಅವರಿಗೂ ಕೇಳಿಸಿತ್ತು.